ಪ್ಲಗ್ ಬಿಚ್ಚಿ ನೋಡಿದಿರಾ?

ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋತ ಮೇಲೇ ನಿಮ್ಮ ಕಾರು ಸ್ಟಾರ್ಟ್ ಆಗುತ್ತದೆಯೇ? ಹಾಗಾದರೆ ಭದ್ರಾವತಿಯ ಮಾರಪ್ಪನಿಗೆ ಆದದ್ದನ್ನು ಕೇಳಿ.

ಮಾರಪ್ಪನದು ಬಾಡಿಗೆ ಕಾರು. ಈಚೆಗೆ ಅದು ಏರಿನಲ್ಲಿ ಕೆಮ್ಮುತ್ತಿತ್ತು, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತಿತ್ತು. ಪಕ್ಕದ ಮನೆಯ ಖಲಂದರ್ ಕೂಡ ಡ್ರೈವರ್. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ನೋಡು ಎಂದು ಅವನು ಹೇಳಿದರೆ ಮಾರಪ್ಪ ನಕ್ಕುಬಿಟ್ಟ. ಆಯುಧಪೂಜೆಗೆ ಎಲ್ಲ ಪ್ಲಗ್ಗುಗಳನ್ನೂ ಒರೆಸಿ ಕುಂಕುಮ ಇಟ್ಟಿದ್ದೇನೆ, ಫಳಫಳ ಹೊಳೆಯುತ್ತಿವೆ ಎಂದ. ಹೊಳೆಯುತ್ತಿದ್ದುದು ನಿಜ. ಆದರೆ ಮೇಲೆ ಥಳಕು, ಒಳಗೆ ಹುಳುಕು.

ಒಂದು ಮಧ್ಯಾಹ್ನ ಅವನ ಪುಟ್ಟ ಮಗಳು ಶಾಮಲಾಳಿಗೆ ಗಂಟಲು ಊದಿ ಉಸಿರು ಕಟ್ಟತೊಡಗಿತು. ಗಂಟಲಮಾರಿ ಇದು, ಮದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿದೆ, ತಡಮಾಡಬೇಡಿ ಎಂದರು ಡಾಕ್ಟರು. ಹೆಂಡತಿ ಪದ್ಮಮ್ಮ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹಿಂದೆ ಕೂತಳು. ಖಲಂದರ್ ಕರೆಯದೆಯೇ ಮುಂದೆ ಹತ್ತಿದ.

ಅರ್ಧ ದಾರಿಯ ಏರಿನಲ್ಲಿ ಕಾರು ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಮಾರಪ್ಪ ಹ್ಯಾಂಡಲ್ ತಿರುಗಿಸಿಯೇ ತಿರುಗಿಸಿದ. ರಸ್ತೆಯಲ್ಲಿ ಬೇರೊಂದು ಗಾಡಿಯ ಸುಳಿವಿರಲಿಲ್ಲ. ಹಿಂದಿನಿಂದ ಮಗುವಿನ ಉಸಿರು ಗೊರಗೊರ ಕೇಳುತ್ತಿತ್ತು.

"ರೀ, ಮಗು ತುಟಿ ನೀಲಿ ಆಗ್ತಾ ಇದೆ" ಎಂದಳು ಪದ್ಮಮ್ಮ.

ಖಲಂದರ್ ಅಷ್ಟರಲ್ಲಿ ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿದ್ದ. ತುದಿಗೆ ಮಸಿ ಮೆತ್ತಿತ್ತು. ಲೋಹ ಸವೆದು ಸಂದು ಅಗಲವಾಗಿತ್ತು.

"ನೋಡು ಮಾರಾಯ, ಕಿಡಿ ಹಾರಬೇಕಾದ್ದು ಈ ಸಂದಿನಲ್ಲಿ. ಸಂದು ಜಾಸ್ತಿಯಾದ್ರೆ ಏರು ಹತ್ತುವಾಗ ಕಿಡಿ ದಾಟಲ್ಲ. ಮಸಿ ಕಟ್ಟಿದ್ರೂ ಅಷ್ಟೇ."

"ಯುದ್ಧ ಶುರುವಾದ್ಮೇಲೆ ಹೊಸದು ಎಲ್ಲೂ ಸಿಗ್ತಿಲ್ವಲ್ಲ ಭಾಯ್, ಏನ್ ಮಾಡ್ಲಿ?"

"ಇದನ್ನೇ ಸರಿ ಮಾಡ್ತೀನಿ, ನೀನು ಬಟ್ಟೆ ಹಿಡಿ."

ಅವನು ಮಸಿ ಹೆರೆದ. ನಡುವಿನ ಕಡ್ಡಿಯನ್ನು ಅಲುಗಿಸದೆ ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲಗೆ ತಟ್ಟಿ, ಅಳತೆಯ ತಗಡು ತೂರಿಸಿ ಸಂದು ಸರಿಮಾಡಿದ. ವೈರುಗಳು ಅದಲುಬದಲಾಗದಂತೆ ಒಂದೊಂದೇ ಪ್ಲಗ್ ಬಿಚ್ಚಿ ಹಾಕಿದ. ಆ ಹೊತ್ತು ಮಾರಪ್ಪನಿಗೆ ಮುಗಿಯುವಂತೆಯೇ ಕಾಣಲಿಲ್ಲ.

ಕಾರು ಹೊರಟಿತು. ಮಗು ಬದುಕಿತು, ದೇವರು ದೊಡ್ಡವನು. ಆದರೆ ಗಾಡಿ ಸ್ವಲ್ಪ ಕೆಮ್ಮಿದರೂ ಮಾರಪ್ಪನ ಎದೆ ಇಂದಿಗೂ ಧಸಕ್ಕೆನ್ನುತ್ತದೆ. ಈಗ ಅವನು ತಿಂಗಳಿಗೊಮ್ಮೆ ಪ್ಲಗ್ ಬಿಚ್ಚುತ್ತಾನೆ. ಮರೆತರೆ ಪದ್ಮಮ್ಮ ಬಿಡುವುದಿಲ್ಲ.

ಗಾಡಿ ಇಟ್ಟುಕೊಂಡ ಅಣ್ಣಂದಿರೇ, ಪ್ಲಗ್ಗಿನ ಮಸಿ ತೆಗೆಯಿರಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಸಂದು ಇಡಿ, ತೀರಾ ಸವೆದದ್ದನ್ನು ಬದಲಿಸಿ. ಗಾಡಿ ಹತ್ತುವವರು ಬಾನೆಟ್ ಎತ್ತಿ ನೋಡುವುದಿಲ್ಲ, ನಿಮ್ಮನ್ನು ನಂಬಿ ಕೂರುತ್ತಾರೆ.