ಎರಡು ಮೈಕು, ಒಂದು ಗಂಟಲು

"ಕಣ್ಣು ಗಟ್ಟಿಯಾಗಿ ಮುಚ್ಕೋ, ಕಳ್ಳಾಟ ಬೇಡ" ಎನ್ನುತ್ತ ಅಣ್ಣ ತಂಗಿಯ ಕಿವಿಗೆ ಹೆಡ್‌ಫೋನು ಕೂರಿಸಿದ. ಮೇಜಿನ ಮೇಲೆ ಎರಡು ಮೈಕು. ಒಂದು ಅಗ್ಗದ್ದು, ಮನೆಯ ಹಳೆಯದು. ಇನ್ನೊಂದು ಅದರ ಆರು ಪಟ್ಟು ಬೆಲೆಯದು. ತಂಗಿ ಆಫೀಸಿನಿಂದ ಎರವಲು ತಂದದ್ದು. ಬೆಳಗಿನಿಂದ ಅವನು ಹಾಡುತ್ತಿದ್ದ ಗುಣಗಾನ ಕೇಳಿದ್ದರೆ, ಕಲ್ಲುಕಂಬವನ್ನೂ ಮಾತಾಡಿಸುವ ಯಂತ್ರ ಅದೆಂದು ಯಾರಾದರೂ ನಂಬಿಬಿಡುತ್ತಿದ್ದರು.

ಪಕ್ಕದಲ್ಲಿ ಕೂತಿದ್ದವಳು ಅವನ ಹೆಂಡತಿ. ಹನ್ನೊಂದು ವರ್ಷ ಇದೇ ಕೋಣೆಯಲ್ಲಿ ಕಾದಂಬರಿಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸಿದವಳು. ಅವಳ ದನಿಗೆ ಹಾಲು ತಾನಾಗಿ ಕೆನೆಗಟ್ಟುತ್ತಿತ್ತು, ಮೂರು ಬೀದಿಯ ಕೂಸುಗಳು ಒಟ್ಟಿಗೆ ನಿದ್ದೆಹೋಗುತ್ತಿದ್ದವು. ನಂಬದವರ ಕಿವಿಯೇ ಸರಿಯಿಲ್ಲ. ಚಳಿಗಾಲದಲ್ಲಿ ವೈದ್ಯರು ಗಂಟಲಿನ ಗಡ್ಡೆ ತೆಗೆದರು. ಅದರ ಬೆನ್ನಿಗೇ ದನಿಯೂ ಹೊರಟುಹೋಗಿ, ಮರಳು ಬೆರೆಸಿದಂಥದ್ದೊಂದು ಉಳಿಯಿತು. ಅರ್ಧಕ್ಕೆ ನಿಂತ ಕಾದಂಬರಿಯಲ್ಲಿ ಇನ್ನೂ ಒಂಬತ್ತು ಅಧ್ಯಾಯ ಬಾಕಿ. ಅವಳ ಮಾದರಿ ಕೇಳಿದ ಸಂಪಾದಕರು, ಮೈಕು ಕೆಟ್ಟಿರಬೇಕು, ಬದಲಿಸಿ ನೋಡಿ, ಶನಿವಾರದೊಳಗೆ ಸರಿಹೋಗದಿದ್ದರೆ ಬೇರೆಯವರಿಂದ ಓದಿಸುತ್ತೇವೆ ಎಂದಿದ್ದರು. ಗಂಡನ ತಲೆಯ ಮೇಲೆ ಆಕಾಶವೇ ಕಳಚಿಬಿತ್ತು. ಅವಳ ಮೇಲೆ ಏನೂ ಬೀಳಲಿಲ್ಲ. ಸರಿ ಎಂದು ಬಟ್ಟೆ ಒಣಹಾಕಲು ಹೋಗಿದ್ದಳು.

ಒಂದೇ ಪುಟವನ್ನು ಅವಳು ಎರಡೂ ಮೈಕಿನಲ್ಲಿ ಓದಿಟ್ಟಿದ್ದಳು. ಅಗ್ಗದ್ದರಲ್ಲಿ ಮರಳು, ಜತೆಗೆ ಕೆಳಮನೆಯ ಪಂಪಿನ ಗೊರಕೆ. ಎರಡನೆಯದು ಶುರುವಾದದ್ದೇ ನಾದಿನಿ ಕಣ್ಣು ಬಿಟ್ಟಳು.

"ಅತ್ತಿಗೆ, ಇದು ನಿಮ್ಮ ಹಳೇ ದನೀನೇ. ಸ್ವಲ್ಪ ದೂರದಿಂದ ಬಂದ ಹಾಗಿದೆ, ಅಷ್ಟೆ."

ಗಂಡ ಎಗರಿದ ರಭಸಕ್ಕೆ ಕೆಳಮನೆಯ ಗೋಡೆಯ ಸುಣ್ಣ ಉದುರಿತು. "ನಾನು ಬಡ್ಕೊಂಡಿಲ್ವಾ? ಗಂಟಲಿಗೇನೂ ಆಗಿಲ್ಲ, ಎಲ್ಲಾ ಮೈಕಿಂದೇ ತಕರಾರು."

ಅಂಥದ್ದೇ ಇನ್ನೊಂದನ್ನು ಕೊಳ್ಳಲು ಅಣ್ಣ ತಂಗಿ ಅಂಗಡಿಗೆ ಹೊರಟರು. ಎರವಲಿನದನ್ನು ಡಬ್ಬಿಗೆ ಇಡುವಾಗ ಹೆಂಡತಿಗೆ ಒಳಗಿನ ಚೀಟಿ ಸಿಕ್ಕಿತು. ಮೈಕಿನ ಮೈಮೇಲೆ ಕೆಂಪು ಚುಕ್ಕೆ ಇರುವ ಕಡೆಯಿಂದಲೇ ಮಾತಾಡಬೇಕೆಂದು ಚಿತ್ರಸಮೇತ ಬರೆದಿತ್ತು. ಗಂಡ ಆ ಚುಕ್ಕೆಯನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದ್ದ. ತುದಿಗೆ ಬಾಯಿಟ್ಟು ಓದುವ ಮೈಕನ್ನಷ್ಟೇ ಕಂಡಿದ್ದ ಅವಳಿಗೂ ತಿಳಿದಿರಲಿಲ್ಲ. ಓದಿದ್ದೆಲ್ಲ ಅದರ ಬೆನ್ನಿಗೆ. ಮಬ್ಬಾಗಿ ಕೇಳಿದ್ದನ್ನೇ ನಾದಿನಿ ಹಳೆಯ ದನಿ ಎಂದಿದ್ದಳು.

ಮೈಕು ತಿರುಗಿಸಿ ಅದೇ ಪುಟ ಓದಿ, ಕೇಳಿದಳು. ಮರಳಿನ ಒಂದೊಂದು ಕಾಳನ್ನೂ ಹೆಕ್ಕಿ ಬೇರೆಯಿಡಬಹುದಿತ್ತು. ಒಂಬತ್ತು ಅಧ್ಯಾಯವನ್ನೂ ಮೈಕಿನ ಬೆನ್ನಿಗೇ ಓದಿದರೆ ಸಂಪಾದಕರ ಏಳು ತಲೆಮಾರಿಗೂ ಗೊತ್ತಾಗುವಂತಿರಲಿಲ್ಲ. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ತಿರುಗಿಸಿ ಓದಿದ್ದನ್ನೇ ಕಳಿಸಿದಳು. ಮೈಕು ಸರಿಯಾಗಿದೆ, ಇದು ನನ್ನ ದನಿ ಎಂದು ಕೆಳಗೆ ಬರೆದಳು. ಉತ್ತರಕ್ಕೆ ಕಾಯದೆ ಮುಂದಿನ ಅಧ್ಯಾಯಕ್ಕೆ ರೆಕಾರ್ಡಿಂಗ್ ಒತ್ತಿದಳು. ಅಂಗಡಿಯಿಂದ ಗಂಡನ ಫೋನು ಬಂತು.

"ಕರೀದು ತರ್ಲಾ, ಬಿಳೀದಾ?"

"ಏನೂ ಬೇಡ ರೀ. ವಾಪಸ್ ಬನ್ನಿ."

"ಏನೇ? ದನಿ ಒಡೀತಿದೆ. ಇಲ್ಲಿ ಸಿಗ್ನಲ್ಲೇ ಇಲ್ಲ, ಹೊರಗೆ ಬಂದು ಮಾಡ್ತೀನಿ."

ಫೋನು ಮಡಿಲಿಗಿಟ್ಟುಕೊಂಡು ಅವಳು ಕಂಪ್ಯೂಟರಿನ ಪರದೆ ನೋಡಿದಳು. ದನಿಯ ಗೆರೆ ಚಪ್ಪಟೆಯಾಗಿ ಓಡುತ್ತಲೇ ಇತ್ತು. ಒಮ್ಮೆ ಗಂಟಲು ಸರಿಮಾಡಿಕೊಂಡಳು. ಗೆರೆ ಚಿಕ್ಕದಾಗಿ ಎದ್ದು, ಮತ್ತೆ ಮಲಗಿತು.