ಕಲಿಂಬೆಗೆ ನಾಲ್ಕು ಪಾಲು

ಡೆಡ್ಜಾ ಬೆಟ್ಟಗಳ ನಮ್ಮ ಐದು ಊರುಗಳಿಗೆ ಇಂಟರ್ನೆಟ್ ತಂದವಳು ನಾಂಬೇವೆ. ಮೊದಲ ಟವರ್ ಕೆಳಗೆ ರಸ್ತೆಬದಿಯ ಚಿಗೋಡಿಯಲ್ಲಿದೆ. ಅಲ್ಲಿಂದ ಮೇಲೆ ಪ್ರತಿ ಊರಿನ ಟವರೂ ಹಿಂದಿನದರಿಂದ ಪಡೆದು ಮುಂದಿನದಕ್ಕೆ ದಾಟಿಸುತ್ತದೆ. ಕೊನೆಯ ಊರು ಕಣಿವೆಯಾಚೆಯ ಕಲಿಂಬೆ. ಐದೂ ಟವರುಗಳನ್ನು ತಾನೇ ಹತ್ತಿ ತಂತಿ ಬಿಗಿದವಳು ಅವಳು. ನಾನು ಎರಡನೆಯ ಊರಿನ ನಿವೃತ್ತ ಮೇಷ್ಟರು, ಜಾಲದ ಸಮಿತಿಗೆ ಕಾರ್ಯದರ್ಶಿ.

ಒಂದು ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ನಮ್ಮೂರಿನ ಟವರಿನ ಬ್ಯಾಟರಿ ನೋಡುತ್ತಿದ್ದಾಗ ಕಲಿಂಬೆಯ ಸೂಲಗಿತ್ತಿ ನರ್ಸ್ ಏಲುಬೆ ನಾಂಬೇವೆಗೆ ಫೋನ್ ಮಾಡಿ ಇಂಟರ್ನೆಟ್ ಕೈಕೊಟ್ಟಿದೆ ಎಂದಳು.

"ಟವರೆಲ್ಲಾ ಸರಿಯಾಗಿದೆ ಅಮಾಯಿ. ಐದಕ್ಕೂ ಹಸಿರು ದೀಪ ಇದೆ," ಎಂದಳು ನಾಂಬೇವೆ. ಅಮಾಯಿ ಎಂದರೆ ನಮ್ಮಲ್ಲಿ ಅಮ್ಮ.

"ಆ ಹಸಿರು ದೀಪ ನೀನೇ ಇಟ್ಕೋ. ಎಂಟು ಗಂಟೆಯಿಂದ ಒಂದು ಸ್ಕ್ಯಾನ್ ಚಿತ್ರ ಕಳಿಸ್ತಾ ಇದ್ದೀನಿ. ಅರ್ಧ ದಾಟುತ್ತೆ, ಕಡಿಯುತ್ತೆ, ಮತ್ತೆ ಮೊದಲಿಂದ ಶುರು. ಎಂಟು ತಿಂಗಳ ಬಸುರಿ ಇಲ್ಲಿ ಮಲಗಿದ್ದಾಳೆ. ಬಂದು ಕಣ್ಣಾರೆ ನೋಡು."

ನಾವು ಬಾಡಿಗೆ ಸೈಕಲ್ ಹತ್ತಿ ಹೊರಟೆವು. ಕಣಿವೆಯನ್ನು ಕಾಲ್ನಡಿಗೆಯಲ್ಲೇ ದಾಟಿ ಕ್ಲಿನಿಕ್ ತಲುಪುವಾಗ ಹನ್ನೊಂದು ದಾಟಿತ್ತು. ಬಸುರಿ ಜೆಲಿಫಾ ಗೋಡೆಗೊರಗಿ ಬೇಯಿಸಿದ ಗೆಣಸು ತಿನ್ನುತ್ತಿದ್ದಳು. ಜಿಲ್ಲಾಸ್ಪತ್ರೆಯ ಡಾಕ್ಟರಿಗೆ ಹೋಗಬೇಕಿದ್ದ ಚಿತ್ರ ಮತ್ತೆ ಅರ್ಧದಲ್ಲಿ ನಿಂತಿತ್ತು.

ನಾಂಬೇವೆ ಕಂಪ್ಯೂಟರ್ ತೆರೆದು ಒಂದೊಂದೇ ಟವರಿನ ಲೆಕ್ಕ ನೋಡುತ್ತಾ ಹೋದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು.

"ಮೇಷ್ಟ್ರೇ, ಕೆಟ್ಟಿರೋದು ಟವರಲ್ಲ. ನಾನು ಹಾಕಿದ ನಿಯಮ."

ಆ ನಿಯಮ ಹೀಗಿತ್ತು: ಪ್ರತಿ ಟವರಿನಲ್ಲೂ ಬಂದದ್ದರಲ್ಲಿ ಅರ್ಧ ಆ ಊರಿಗೆ, ಅರ್ಧ ಮುಂದಕ್ಕೆ. ಕೆಳಗೆ ಇಪ್ಪತ್ನಾಲ್ಕು ಪಾಲು ಬಂದರೆ ಚಿಗೋಡಿಗೆ ಹನ್ನೆರಡು, ನಮ್ಮೂರಿಗೆ ಆರು, ಮೂರನೆಯದಕ್ಕೆ ಮೂರು. ಕೊನೆಯ ಎರಡೂರಿಗೆ ತಲಾ ಒಂದೂವರೆ. ಸಮಿತಿಯಲ್ಲಿ ನಾವೆಲ್ಲ ಅದನ್ನು ಚಪ್ಪಾಳೆ ತಟ್ಟಿ ಒಪ್ಪಿದ್ದೆವು.

ಅವಳು ಚಿಗೋಡಿಯ ಚಿಪೇಟಾಗೆ ಫೋನ್ ಹಚ್ಚಿದಳು. ಅಲ್ಲಿ ಅವನದು ಫೋನ್ ಚಾರ್ಜ್ ಮಾಡುವ, ಸಿನಿಮಾ ಇಳಿಸಿಕೊಡುವ, ಫುಟ್‌ಬಾಲ್ ತೋರಿಸುವ ಅಂಗಡಿ.

"ಅಚಿಮ್ವೇನೆ, ಅಣ್ಣಾ, ಸ್ವಲ್ಪ ಹೊತ್ತು ನಿಮ್ಮ ಡೌನ್‌ಲೋಡ್ ನಿಲ್ಲಿಸ್ತೀರಾ? ಇಲ್ಲೊಬ್ಬ ಬಸುರಿಯ ಚಿತ್ರ ಹೋಗ್ಬೇಕು."

"ಬಸುರಿ ಹೆಂಗಸು ಅಂದ್ಮೇಲೆ ಕೇಳೋದೇನಿದೆ? ನಿಲ್ಲಿಸ್ದೆ, ತಗೋ."

ನಾನೂ ನಮ್ಮೂರಿನ ಶಾಲೆಗೆ ಹೇಳಿ ನಿಲ್ಲಿಸಿದೆ. ಎಂಟೇ ನಿಮಿಷದಲ್ಲಿ ಚಿತ್ರ ಹೋಯಿತು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಫೋನ್ ಮಾಡಿದರು: ಅವಳಿ ಮಕ್ಕಳು, ಒಂದು ಅಡ್ಡ ಮಲಗಿದೆ, ಇವತ್ತೇ ಕರೆತನ್ನಿ, ರಸ್ತೆಗೆ ಆಂಬುಲೆನ್ಸ್ ಕಳಿಸುತ್ತೇವೆ. ಜೆಲಿಫಾಳನ್ನು ಮಂಚದ ಸಮೇತ ನಾಲ್ವರು ಎತ್ತಿ ಕಣಿವೆ ದಾಟಿಸಿದರು.

ನನಗೆ ಸಮಾಧಾನವಾಯಿತು. ಏಲುಬೆಗೆ ಆಗಲಿಲ್ಲ.

"ಮುಂದಿನ ಮಂಗಳವಾರಾನೂ ನಾನು ಚಿಪೇಟಾನ ಬೇಡ್ಕೋಬೇಕಾ?" ಎಂದು ಕೇಳಿದಳು.

"ಬೇಡ. ಇನ್ನು ಯಾರನ್ನೂ ಬೇಡ್ಬೇಡಿ," ಎಂದಳು ನಾಂಬೇವೆ.

ಗುರುವಾರ ಚಿಗೋಡಿಯ ಶಾಲೆಯಲ್ಲಿ ಸಭೆ ಸೇರಿತು. ನಾಂಬೇವೆ ಕಪ್ಪುಹಲಗೆಯ ಮೇಲೆ ಐದು ಊರುಗಳ ಹೆಸರು ಬರೆದು ನಿಂತಳು.

"ಅರ್ಧ ನಂಗೆ, ಅರ್ಧ ನಿಂಗೆ ಅನ್ನೋದು ಇಬ್ಬರಿದ್ರೆ ಸರಿ. ಐದು ಊರು ಸಾಲಾಗಿ ನಿಂತ್ರೆ ಕೊನೆಯವರಿಗೆ ಬರೀ ಚೂರು ಉಳಿಯುತ್ತೆ. ಇದು ನಾನು ಮಾಡಿದ ತಪ್ಪು, ನಾನೇ ತಿದ್ತೀನಿ. ಇನ್ಮೇಲೆ ಐದು ಊರಿಗೂ ಸಮ. ಆದ್ರೆ ಕಣಿವೆ ದಾಟೋ ಕೊನೇ ಕೊಂಡಿ ನಾಲ್ಕಕ್ಕಿಂತ ಹೆಚ್ಚು ಹೊರಲ್ಲ, ಅದಕ್ಕೆ ಕಲಿಂಬೆಗೆ ನಾಲ್ಕು. ಉಳಿದ ಇಪ್ಪತ್ತರಲ್ಲಿ ಮಿಕ್ಕ ನಾಲ್ಕೂರಿಗೆ ಐದೈದು. ಯಾರಾದ್ರೂ ತಮ್ಮ ಪಾಲು ಬಳಸ್ದೇ ಇದ್ರೆ ಅಷ್ಟು ಹೊತ್ತು ಅದು ಬೇಕಾದವರಿಗೆ ಹೋಗುತ್ತೆ. ಆದ್ರೆ ಕಡಿಮೆ ಇರೋರಿಂದ ಕಿತ್ತು ಹೆಚ್ಚಿರೋರಿಗೆ ಕೊಡೋದು ಮಾತ್ರ ಇಲ್ಲ."

ಚಿಪೇಟಾ ಬೆಂಚಿನಿಂದ ಎದ್ದ. "ಹನ್ನೆರಡಿದ್ದದ್ದು ಐದಾ! ನಾನೇನು ಕದ್ದಿದ್ನಾ? ಮೊನ್ನೆ ನೀನು ಕೇಳಿದ ತಕ್ಷಣ ನಿಲ್ಲಿಸ್ಲಿಲ್ವಾ? ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?"

ಅವನು ಹೇಳಿದ್ದು ನಿಜ. ಏಲುಬೆ ಕೂತಲ್ಲಿಂದಲೇ ಹೇಳಿದಳು:

"ನೀವು ಒಳ್ಳೇವ್ರು ಅಚಿಮ್ವೇನೆ, ನಿಮ್ಮ ಮೇಲೆ ನಂಗೆ ಯಾವ ದೂರೂ ಇಲ್ಲ. ಆದ್ರೆ ನೀವು ಫೋನ್ ಎತ್ತದ ದಿನ ನನ್ನ ಬಸುರಿ ಏನ್ಮಾಡ್ಬೇಕು?"

ಚಿಪೇಟಾ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಎರಡು ವಾರ ನೋಡಿ," ಎಂದಳು ನಾಂಬೇವೆ. "ನಿಮ್ಮ ಗಿರಾಕಿ ಕಡಿಮೆಯಾದ್ರೆ ಇದೇ ಹಲಗೆ ಮುಂದೆ ನಿಂತು ಹೇಳಿ. ಬೇರೆ ದಾರಿ ಹುಡುಕ್ತೀನಿ. ಆದ್ರೆ ಹಾಗಾಗಲ್ಲ ಅಂತ ನಂಗೆ ಗೊತ್ತು."

"ಧೈರ್ಯ ನೋಡು ಇವಳ್ದು!" ಎಂದ ಚಿಪೇಟಾ. ಹಿಂದೆ ಯಾರೋ ನಕ್ಕರು. ನಮ್ಮೂರಿಗೂ ಒಂದು ಪಾಲು ಕಡಿಮೆಯಾಗುತ್ತಿತ್ತು. ಆದರೂ ಮೊದಲು ಕೈ ಎತ್ತಿದವನು ನಾನು. ಕೊನೆಗೆ ಎತ್ತಿದವನು ಚಿಪೇಟಾ, ಅದೂ ಮೊಣಕೈವರೆಗೆ ಮಾತ್ರ.

ಮೊದಲ ಕೆಲವು ದಿನ ಅವನು ದಿನಕ್ಕೆರಡು ಸಲ ಫೋನ್ ಮಾಡಿ ನಾಂಬೇವೆಯನ್ನು ಬೈದ. ಶನಿವಾರ ಶಾಲೆಗಳಿಗೆ ರಜೆ, ಕ್ಲಿನಿಕ್ಕಿನಲ್ಲೂ ಕೆಲಸ ಕಡಿಮೆ. ಅವತ್ತು ಫುಟ್‌ಬಾಲ್ ಹೊತ್ತಿಗೆ ಚಿಗೋಡಿಗೆ ಹದಿನಾಲ್ಕು ಪಾಲು ಹರಿಯಿತು. ಮೊದಲಿದ್ದುದಕ್ಕಿಂತ ಎರಡು ಹೆಚ್ಚು. ಅವನು ಸಿನಿಮಾ ಇಳಿಸುವುದನ್ನು ಶಾಲೆ ತೆರೆಯುವ ಮುನ್ನ ಮುಗಿಸುವ ರೂಢಿ ಮಾಡಿಕೊಂಡ. ಎರಡು ವಾರ ಕಳೆದರೂ ಹಲಗೆಯ ಮುಂದೆ ಬರಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ. ಕೆಳಗಿನಿಂದ ಇನ್ನೊಂದು ಕೊಂಡಿ ಯಾವಾಗ ತರ್ತೀಯ ಎಂದಷ್ಟೇ ಕೇಳಿದ.

ಜೆಲಿಫಾಗೆ ಆಪರೇಷನ್ ಆಗಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

ಮುಂದಿನ ತಿಂಗಳ ಒಂದು ಮಂಗಳವಾರ ನಾಂಬೇವೆ ನಮ್ಮ ಮನೆಯಲ್ಲಿ ಮೆಕ್ಕೆಜೋಳದ ಎನ್ಸಿಮಾ ಮುದ್ದೆಯ ಊಟಕ್ಕೆ ಕೂತಿದ್ದಾಗ ಏಲುಬೆಯ ಫೋನ್ ಬಂತು. ನಾಂಬೇವೆ ಎಡಗೈಯಲ್ಲಿ ಎತ್ತಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಬಸುರಿ ಮಂಚದಿಂದ ಇಳಿಯೋಕೆ ಮುಂಚೆ ಚಿತ್ರ ಹೋಯ್ತು ಕಣೇ! ಈಗ ಡಾಕ್ಟ್ರೇ ನಿಧಾನ. ಅವರನ್ನ ಬೇಗ ಓಡ್ಸೋ ನಿಯಮ ಏನಾದ್ರೂ ಇದ್ಯಾ ನಿನ್ ಹತ್ರ?"

"ಅವರ ನಂಬರ್ ಕೊಡಿ ಅಮಾಯಿ, ನೋಡ್ತೀನಿ," ಎಂದು ನಾಂಬೇವೆ ಇನ್ನೊಂದು ತುತ್ತು ಉಂಡೆ ಕಟ್ಟಿದಳು.