ಬೇಡವೆಂದ ಟಿಕೆಟ್

ಹೆಂಗಸರಿಗೆ ಬಸ್ ಫ್ರೀ ಆದಾಗ ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ. ಕಾಸು ಕೊಡದೆ ಟಿಕೆಟ್‌ಗೆ ಕೈಯೊಡ್ಡಲು ನನಗೆ ನಾಚಿಕೆಯಾಗುತ್ತಿತ್ತು. "ದುಡ್ಡಿಲ್ದ ಚೀಟಿ ಯಾಕ್ರೇ? ಸರ್ಕಾರಕ್ಕೆ ಪೇಪರ್ರಾದ್ರೂ ಉಳೀಲಿ" ಅಂದೆ. ಹೆಂಗಸರೆಲ್ಲ ಒಪ್ಪಿದರು, ಹೈಸ್ಕೂಲಿಗೆ ಹೋಗುವ ಹುಡುಗಿಯರೂ ಒಪ್ಪಿದರು. ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಷ್ಟು ಜನರ ನಡುವೆ ನುಗ್ಗುವ ಕಷ್ಟ ತಪ್ಪಿತೆಂದು ಕಂಡಕ್ಟರ್ ಸತೀಶನೂ ಸುಮ್ಮನಾದ. ಎರಡು ವರ್ಷ ಹೀಗೇ ನಡೆಯಿತು.

ಮೊನ್ನೆ ಸತೀಶನೇ ಹೇಳಿದ, ನಮ್ಮೂರಿಂದ ಅಜ್ಜಂಪುರಕ್ಕೆ ಹೋಗುವ ಬೆಳಗಿನ ಬಸ್ಸು ಇನ್ನೆರಡೇ ದಿನ ಓಡೋದಂತೆ. ನನ್ನ ಮಗಳು ಅಶ್ವಿನಿ ಹತ್ತನೇ ಕ್ಲಾಸು. "ಬಸ್ ನಿಂತ್ರೆ ಸ್ಕೂಲೂ ನಿಂತಂಗೆ. ಹನ್ನೊಂದು ಕಿಲೋಮೀಟ್ರು ಹೆಣ್ಮಗೂನ ನಡೆಸಲ್ಲ" ಎಂದು ನಮ್ಮನೆಯವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಪಕ್ಕದ ಮನೆಯ ಖತೀಜಾಬಿಯ ಮಗಳೂ ಅದೇ ಕ್ಲಾಸು. ನಾವಿಬ್ಬರೂ ಡಿಪೊಗೆ ಓಡಿದೆವು.

ಸಾಹೇಬರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ನಮ್ಮೂರಿಂದ ದಿನಕ್ಕೆ ಐದು ಜನ. ಐವರೂ ಗಂಡಸರು.

"ಬಸ್ ತುಂಬಿ ತುಳುಕುತ್ತೆ ಸಾರ್!"

"ಟಿಕೆಟ್ ಎಲ್ಲಮ್ಮಾ? ನೀವು ತಗೊಳ್ಳೋ ಒಂದೊಂದು ಫ್ರೀ ಟಿಕೆಟ್‌ಗೂ ಸರ್ಕಾರ ನಮಗೆ ದುಡ್ಡು ಕಟ್ಟಿಕೊಡುತ್ತೆ. ಡೀಸೆಲ್ಲು, ಸಂಬಳ ಎಲ್ಲ ಅದರಲ್ಲೇ. ಟಿಕೆಟ್ ಇಲ್ಲ ಅಂದ್ರೆ ನೀವು ಬಸ್ ಹತ್ತೇ ಇಲ್ಲ."

ನಾನು ಅವರ ಕಾಲಿಗೆ ಬೀಳಲು ಹೋದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ, ಆರ್ಡರ್ ಆಗಿಹೋಗಿದೆ ಎಂದರು. ವಾಪಸ್ ಬರುವಾಗ ಖತೀಜಾಬಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೊನೆಯ ದಿನ ಊರಿನ ಹೆಂಗಸರನ್ನೆಲ್ಲ ಬಸ್ಸಿಗೆ ಹತ್ತಿಸಿದೆ. ಅಜ್ಜಂಪುರದಲ್ಲಿ ಏನೂ ಕೆಲಸವಿಲ್ಲದವರನ್ನೂ ಬಿಡಲಿಲ್ಲ. "ಕೊಡೋ ಸತೀಶಾ, ಎಲ್ರಿಗೂ ಟಿಕೆಟ್ ಕೊಡೋ!" ಎಂದು ಹುಚ್ಚಿಯ ಹಾಗೆ ಕೂಗಿದೆ. ಅವನು ತಲೆ ತಗ್ಗಿಸಿಕೊಂಡು ಒಂದೊಂದೇ ಹರಿದು ಕೊಟ್ಟ. ಮೂವತ್ತೆಂಟಾಯಿತು.

"ಇನ್ನು ಇದನ್ನ ಯಾರೂ ನೋಡಲ್ಲ ಅಕ್ಕಾ" ಅಂದ.

ಹೈಸ್ಕೂಲ್ ಸ್ಟಾಪ್ ಬಂತು. ಅಶ್ವಿನಿ ಬ್ಯಾಗು ಹೆಗಲಿಗೇರಿಸಿದಳು. ತಡೆಯಲಾಗದೆ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

"ನನ್ನಿಂದ್ಲೇ ಹಿಂಗಾಯ್ತು ಕಣೇ. ಅಪ್ಪನ ಕಾಲು ಹಿಡ್ಕಂಡು ಕೇಳ್ತೀನಿ..."

ಅವಳು ಕೈ ಬಿಡಿಸಿಕೊಂಡಳು.

"ನೀನೆಷ್ಟು ಅತ್ರೂ ನಾಳೆಯಿಂದ ಮನೇಲಿ ಕೂರೋಳು ನಾನು ತಾನೇ" ಎಂದು ಇಳಿದು ಹೋದಳು.